ಭೋಂಪು ಒತ್ತಿದ ಮೇಲೆ

ಇಡ್ಲಿ ಮಾಮನ ಬಲಗೈ ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ. ಅಂಗೈಯೊಳಗೆ ಕಣ್ಣಿಗೆ ಕಾಣದ ಮೋಸಂಬಿಯೊಂದಿದೆ ಎಂಬಂತೆ ಐದೂ ಬೆರಳುಗಳು ಸದಾ ಒಳಕ್ಕೆ ಬಾಗಿರುತ್ತಿದ್ದವು. ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದ ರಬ್ಬರಿನ ಭೋಂಪನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಹಾಗಾದದ್ದು. ಅಂಗೈ ನಡುವೆ ರಬ್ಬರಿನ ಕಪ್ಪು ಬೇರೆ. ಅದು ಯಾವ ಸಾಬೂನಿಗೂ ಬಗ್ಗಿದ್ದಲ್ಲ. ಕೈ ಮುಗಿದರೆ ಎಡಗೈ ನೆಟ್ಟಗೆ ನಿಲ್ಲುತ್ತಿತ್ತು, ಬಲಗೈ ಅದನ್ನು ಹಿಡಿಯಲು ಬಂದಂತೆ ಕಾಣುತ್ತಿತ್ತು. ದೇವರ ಮುಂದೆಯೂ ಭೋಂಪು ಒತ್ತಲು ನಿಂತವರ ಹಾಗೆ ನಿಲ್ಲುತ್ತಾರೆ ಎಂದು ಅಮ್ಮ ನಗುತ್ತಿದ್ದಳು.

ಆಗ ನಾವು ಡೊಂಬಿವಲಿ ಪೂರ್ವದಲ್ಲಿ ಮೂರು ಮಾಳಿಗೆಯ ಬಿಲ್ಡಿಂಗೊಂದರಲ್ಲಿ ಇದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ಮಾಮ ನಮ್ಮ ಕಂಪೌಂಡಿನ ಹಿಂದಿನ ಒಂದೇ ಕೋಣೆಯ ಖೋಲಿಯಲ್ಲಿ ಒಬ್ಬರೇ ಇದ್ದರು. ಊರು ಕುಂದಾಪುರದ ಕಡೆ, ನಮ್ಮದೂ ಅದೇ ಸೀಮೆ. ನೆಂಟರೇನೂ ಅಲ್ಲ, ಆದರೂ ಅಮ್ಮನಿಗೆ ಅಣ್ಣ, ನನಗೆ ಮಾಮ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, “ಬೆಳಿಗ್ಗೆ ಮೂರ್ ಗಂಟೆಗೆ ಏಳುವನಿಗೆ ಯಾರ್ ಹೆಣ್ಣ್ ಕೊಡ್ತ್ರ್?” ಎನ್ನುತ್ತಿದ್ದರು. ಮೂರಕ್ಕೆ ಎದ್ದು, ಇಡ್ಲಿ ಬೇಯಿಸಿ, ಸೈಕಲ್ಲಿನ ಕ್ಯಾರಿಯರಿಗೆ ಬಿಳಿ ಬಟ್ಟೆ ಸುತ್ತಿದ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಕಟ್ಟಿ, ಹ್ಯಾಂಡಲಿನ ಒಂದು ಕಡೆಗೆ ಚಟ್ನಿಯ ಕ್ಯಾನು, ಇನ್ನೊಂದು ಕಡೆಗೆ ಸಾಂಬಾರಿನ ಕ್ಯಾನು ತೂಗಿಸಿ, ಆರೂವರೆಗೆ ಸರಿಯಾಗಿ ಮೊದಲ ಭೋಂಪು ಒತ್ತುತ್ತಿದ್ದರು. ನಮ್ಮ ಬಿಲ್ಡಿಂಗಿನಲ್ಲಿ ಆ ಸದ್ದಿಗೇ ಎಲ್ಲರೂ ಏಳುತ್ತಿದ್ದದ್ದು. ಅಪ್ಪನಂತೂ ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಬಿಟ್ಟಿದ್ದ.

ಮಾಮನಿಗಿದ್ದದ್ದು ಒಂದೇ ಕಾಯಿದೆ. “ಭೋಂಪ್ ಒತ್ತಿದ್ ಮೇಲೆ ನಿಲ್ದೆ ಹೋಪುಕಾಗ. ಜನ ಪಾತ್ರೆ ಹಿಡ್ಕಂಡ್ ಬಂದಿರ್ತ್ರ್.” ಒಮ್ಮೆ ರೌಂಡು ಮುಗಿಸಿ ಪಾತ್ರೆ ಖಾಲಿ ಮಾಡಿಕೊಂಡು ಚಾ ಕುಡಿಯುತ್ತಿದ್ದರು. ರಸ್ತೆ ಬದಿಗೆ ನಿಲ್ಲಿಸಿದ್ದ ಸೈಕಲ್ಲಿಗೆ ದನವೊಂದು ಬಂದು ಕತ್ತು ಉಜ್ಜಿಕೊಂಡಿತು. ಭೋಂಪು ಕೂಗಿತು. ಎದುರಿನ ಬಿಲ್ಡಿಂಗಿನಿಂದ ನಾಲ್ಕು ಮಂದಿ ಪಾತ್ರೆ ಹಿಡಿದು ಇಳಿದೇಬಿಟ್ಟರು. ಮಾಮ ಅರ್ಧ ಚಾ ಅಲ್ಲೇ ಇಟ್ಟು ಖೋಲಿಗೆ ವಾಪಸು ಹೋಗಿ, ತಮ್ಮ ಊಟಕ್ಕೆಂದು ಎತ್ತಿಟ್ಟಿದ್ದ ಹಿಟ್ಟಿನಲ್ಲಿ ಒಂದು ಒಬ್ಬೆ ಬೇಯಿಸಿ ತಂದು ಕೊಟ್ಟರು. “ಒತ್ತಿದ್ದು ದನ ಅಲ್ವಾ ಮಾಮ?” ಎಂದು ನಾನು ಕೇಳಿದೆ. “ಭೋಂಪ್ ನಂದಲ್ದಾ?” ಎಂದರು.

ಇನ್ನು ನನ್ನ ಕತೆ. ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಎರಡು ಇಂಟರ್‌ವ್ಯೂಗಳಲ್ಲಿ ಗೋತಾ ಹೊಡೆದಿದ್ದೆ. ಊರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನೇ ಇರಬೇಕು; ಫೋಟೋದಲ್ಲಿ ಮಾತ್ರ ಸ್ಟುಡಿಯೋದವರ ಪ್ಲಾಸ್ಟಿಕ್ ಹೂಕುಂಡವನ್ನು ಯಾರಾದರೂ ಕಸಿದುಕೊಂಡಾರು ಎಂಬಂತೆ ತಬ್ಬಿಕೊಂಡು ನಿಂತಿದ್ದ. ನನಗೆ ಮದುವೆ ಬೇಡ, ಕೆಲಸ ಬೇಕು ಎಂದು ಹಟ ಹಿಡಿದಾಗ ಅಪ್ಪ ಒಂದು ಒಪ್ಪಂದಕ್ಕೆ ಬಂದ: ಠಾಣೆ ಪಟ್ಟಣದ ಆಫೀಸೊಂದರ ಇಂಟರ್‌ವ್ಯೂ ಕೊನೆಯದು. ಅದು ಸಿಕ್ಕಿದರೆ ನನ್ನ ಮಾತು, ಸಿಗದಿದ್ದರೆ ಹೂಕುಂಡ.

ಇಂಟರ್‌ವ್ಯೂ ದಿನವೇ ಲೋಕಲ್ ರೈಲುಗಾಡಿಗಳು ನಿಂತವು. ಎಂಟೂವರೆಗೆ ಮಾಮ ಸ್ಟೇಷನ್ ಕಡೆಯಿಂದ ಅರ್ಧ ಪಾತ್ರೆ ಇಡ್ಲಿಯ ಸಮೇತ ವಾಪಸು ಬಂದರು. ಜನ ಸಿಟ್ಟಿಗೆದ್ದು ಹಳಿಯ ಮೇಲೆ ಕೂತಿದ್ದಾರೆ, ಒಂದು ಗಾಡಿಯೂ ಅಲುಗಾಡುತ್ತಿಲ್ಲ ಎಂದರು. ಅಪ್ಪ ಹತ್ತಿದ್ದ ಗಾಡಿಯೂ ನಡುವೆ ಎಲ್ಲೋ ನಿಂತಿತ್ತು. ಬಸ್ಸಿನ ಸಾಲು ಮುಂದಿನ ನಾಕಾದ ಚೌಕದವರೆಗೆ ಬೆಳೆದಿತ್ತು. ರಿಕ್ಷಾದವರು ಠಾಣೆ ಎಂದೊಡನೆ ಮುಖ ತಿರುಗಿಸುತ್ತಿದ್ದರು. ನಾನು ಇಸ್ತ್ರಿ ಮಾಡಿದ ಸಲ್ವಾರ್ ಕಮೀಜ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಅಳತೊಡಗಿದೆ.

“ಇಂಟರ್‌ವ್ಯೂ ಎಷ್ಟೊತ್ತಿಗೆ?” ಎಂದು ಮಾಮ ಕೇಳಿದರು.

“ಒಂದು ಗಂಟೆಗೆ.”

“ಸೈಕಲ್ ಬತ್ತಾ?”

ಬರುತ್ತಿತ್ತು. ಸ್ಕೂಲಿನಲ್ಲಿದ್ದಾಗ ಕಲಿತದ್ದು. “ಹಾಂಗಾರೆ ಅಳುದೆಂತಕೆ? ಹೋಪ,” ಎಂದರು.

ಅಮ್ಮ ಬಾಯಿ ತೆರೆದಳು. “ಅಣ್ಣ, ತಾಣೆಗಾ? ಸೈಕಲ್ಲಂಗಾ? ಸಂಜಿಗೆ ನೀವ್ ಅಕ್ಕಿ ಉದ್ದು ರುಬ್ಬುದ್ ಬೇಡ್ದಾ?”

“ಐದ್ ಗಂಟೆ ಒಳ್ಗೆ ಬತ್ತ್ ನಾವ್. ಮತ್ತೆ, ನಂಗೂ ಆ ಕೆರೆ ಕಾಂಬುಕಿತ್ತ್.”

ಠಾಣೆಯ ತಲಾವ್ ಪಾಳಿ ಕೆರೆಯ ಸುದ್ದಿ ಆಗ ಹೊರಬಿತ್ತು. ಮೂರನೇ ಮಾಳಿಗೆಯ ಮರಾಠಿ ಹೆಂಗಸೊಬ್ಬರು ಚಟ್ನಿ ಹಾಕಿಸಿಕೊಳ್ಳುವಾಗಲೆಲ್ಲ ಆ ಕೆರೆಯನ್ನು, ಅಲ್ಲಿನ ದೋಣಿಗಳನ್ನು ಬಣ್ಣಿಸಿ ಬಣ್ಣಿಸಿ ಮಾಮನ ತಲೆ ಕೆಡಿಸಿದ್ದರು. ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷವಾದರೂ ಮಾಮ ಊರಾಚೆಯ ಕೂಡುರಸ್ತೆ ಶಿಳ್ ಫಾಟಾವನ್ನು ದಾಟಿದವರಲ್ಲ. ನದಿ ಬದಿಯಲ್ಲಿ ಹುಟ್ಟಿದ ಮನುಷ್ಯ. ಒಮ್ಮೆ ದೋಣಿಯಲ್ಲಿ ಸುಮ್ಮನೆ ಕೂರಬೇಕು ಎನ್ನುವುದು ಅವರ ಆಸೆ. ಬೆಳಿಗ್ಗೆ ಮೂರರಿಂದ ರಾತ್ರಿ ಎಂಟರವರೆಗೆ ಸುಮ್ಮನೆ ಕೂರಲು ಅವರಿಗೆ ಸಿಕ್ಕಿದ್ದೇ ಇಲ್ಲ.

ನಾಕಾದ ಸೈಕಲ್ ಅಂಗಡಿಯಿಂದ ನನಗೊಂದು ಗಂಡಸರ ಸೈಕಲ್ಲು ಬಾಡಿಗೆಗೆ ಬಂತು. ಅದಕ್ಕೆ ಒಂದೇ ಬ್ರೇಕು, ಅದೂ ತನಗೆ ಮನಸ್ಸು ಬಂದಾಗ ಹಿಡಿಯುವಂಥದ್ದು. ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹ್ಯಾಂಡಲಿಗೆ ಕಟ್ಟಿಕೊಂಡೆ. ಮಾಮ ಇಡ್ಲಿ ಪಾತ್ರೆಯನ್ನು ಬಿಚ್ಚಲಿಲ್ಲ. ಉಳಿದದ್ದು ದಾರಿಯಲ್ಲಿ ನಮಗೇ ಆಯಿತು ಎಂದರು. ಒಂಬತ್ತೂವರೆಗೆ ಹೊರಟೆವು. ಮೂರೂವರೆ ಗಂಟೆ ಇದೆ, ಧಾರಾಳ ಸಾಕು ಎಂದುಕೊಂಡೆ. ಭೋಂಪಿನ ವಿಷಯ ತಲೆಗೆ ಹೊಳೆದಿರಲಿಲ್ಲ.

ಮಾನಪಾಡಾ ರಸ್ತೆಯಲ್ಲಿ ಮಾಮ ನನಗೆ ಊರು ತೋರಿಸಿದರು. ಅವರಿಗೆ ಊರೆಂದರೆ ಅಲ್ಲಿನವರ ನಾಷ್ಟಾ. “ಆ ಹಸಿರ್ ಬಾಗ್ಲ್ ಕಾಣ್, ಅವ್ರಿಗೆ ಚಟ್ನಿ ಬೇರೆ ಡಬ್ಬಿಯಂಗೆ ಆಯ್ಕ್. ಈ ಬಿಲ್ಡಿಂಗಂಗೆ ಎರಡ್ನೇ ಮಾಳ್ಗಿ, ಅತ್ತೆಗೆ ಎರಡ್ ಇಡ್ಲಿ, ಸೊಸಿಗೆ ನಾಕ್. ಸೊಸಿ ಅತ್ತೆಗೆ ಹೇಳುದ್ ಬೇಡ ಅಂದಿತ್.” ನಾನು ಹುಟ್ಟಿ ಬೆಳೆದ ಊರಿನ ಹೊಟ್ಟೆಯೊಳಗಿನ ಗುಟ್ಟು ಒಂದೂ ನನಗೆ ಗೊತ್ತಿರಲಿಲ್ಲ.

ತೊಂದರೆ ಶುರುವಾದದ್ದು ಶಿಳ್ ಫಾಟಾದಲ್ಲಿ. ಗಾಡಿ ನಿಂತ ದಿನ ಇಡೀ ಲೋಕವೇ ರಸ್ತೆಗೆ ಇಳಿದಿತ್ತು. ಅಡ್ಡ ಬಂದ ಟೆಂಪೋದವನಿಗೆ ಮಾಮ ಅಭ್ಯಾಸಬಲದಿಂದ ಭೋಂಪು ಒತ್ತಿದರು. ಟೆಂಪೋ ಅಲುಗಾಡಲಿಲ್ಲ, ನಿಂತಿದ್ದ ಬಸ್ಸಿನ ಎಲ್ಲ ಕಿಟಕಿಗಳಿಂದಲೂ ತಲೆಗಳು ಹೊರಬಂದವು. ಬೆಳಿಗ್ಗೆಯಿಂದ ಬಸ್ಸಿನಲ್ಲೇ ಕೂತವರು. “ಅಣ್ಣಾ, ಇಡ್ಲೀ ಹೈ ಕ್ಯಾ?” ಮಾಮ ಸೈಕಲ್ ಸ್ಟ್ಯಾಂಡ್ ಹಾಕಿದರು.

“ಮಾಮ, ಟೈಮ್!”

“ಒತ್ತಿ ಆಯ್ತಲೆ ಮಗಾ.”

ಆ ಬಸ್ಸಿಗೆ ಇಪ್ಪತ್ತು ನಿಮಿಷ. ಅಲ್ಲಿಂದ ಅರ್ಧ ಮೈಲಿ ಹೋಗುವಷ್ಟರಲ್ಲಿ ಲಾರಿಯೊಂದಕ್ಕೆ ಮತ್ತೆ ಒತ್ತಿದರು. ಗ್ಯಾರೇಜಿನವರು ಗ್ರೀಸು ಹತ್ತಿದ ಕೈಯಲ್ಲೇ ಓಡಿ ಬಂದರು. ಅವರು ಕೈ ತೊಳೆಯುವವರೆಗೆ ಕಾದದ್ದೇ ಹತ್ತು ನಿಮಿಷ. ಮಾಮನಿಗೆ ಹೊಲಸು ಕೈಗೆ ಇಡ್ಲಿ ಕೊಡುವ ಪದ್ಧತಿ ಇರಲಿಲ್ಲ. ಆಗ ನಾನು ಸೈಕಲ್ ಅಡ್ಡ ಹಾಕಿ, ಇನ್ನು ಠಾಣೆ ಮುಟ್ಟುವವರೆಗೆ ಭೋಂಪು ಮುಟ್ಟಿದರೆ ನಾನು ಇಲ್ಲಿಂದಲೇ ಊರಿಗೆ ಹೋಗಿ ಹೂಕುಂಡದವನನ್ನು ಮದುವೆಯಾಗುತ್ತೇನೆ ಎಂದೆ. ಮಾಮ ಗಾಬರಿಯಾದರು. ಬಲಗೈಯನ್ನು ಅಂಗಿಯ ಕಿಸೆಗೆ ತುರುಕಿ ಒಂಟಿಗೈಯಲ್ಲಿ ತುಳಿದರು. ಯಾರಾದರೂ ಅಡ್ಡ ಬಂದರೆ ಬಾಯಲ್ಲೇ “ಪೋಂ, ಪೋಂ” ಎನ್ನುತ್ತಿದ್ದರು. ಐವತ್ತು ದಾಟಿದ ಗಂಭೀರ ಮನುಷ್ಯ ಕಿಸೆಯಲ್ಲಿ ಕೈ ಇಟ್ಟುಕೊಂಡು ಲಾರಿಗಳಿಗೆ ಪೋಂ ಎನ್ನುವುದನ್ನು ನೋಡಿ, ಮುಂಬ್ರಾದ ತಿರುವಿನಲ್ಲಿ ಪೋಲೀಸನೊಬ್ಬ ತಾನೇ ಬದಿಗೆ ಸರಿದು ದಾರಿ ಬಿಟ್ಟ.

ಶಿಳ್ ಫಾಟಾ ದಾಟಿದ ಮೇಲೆ ಮಾಮ ಮಾರ್ಗದರ್ಶಿಯಿಂದ ಪ್ರವಾಸಿಯಾಗಿದ್ದರು. ಬೆಟ್ಟ ಕಂಡರೆ “ಅದೆಂತ?” ಸಮುದ್ರದ ಖಾಡಿಯ ನೀರು ಕಂಡರೆ “ಇದೇಯಾ ಕೆರೆ?” ನಿಂತ ಲೋಕಲ್ ಗಾಡಿಯೊಂದು ದೂರದಲ್ಲಿ ಕಂಡಾಗ ಬ್ರೇಕು ಹಾಕಿ ಇಳಿದೇಬಿಟ್ಟರು. ನಾನು ಕಾಲಿನಿಂದ ನೆಲ ಉಜ್ಜಿ ಹೇಗೋ ನಿಲ್ಲಿಸಿದೆ. “ಕಾಣ್ ಹೆಣ್ಣೇ, ಅದಕ್ಕೂ ಒಂದಿನ ರಜೆ ಸಿಕ್ತ್,” ಎಂದರು. ಅವರ ದನಿಯಲ್ಲಿ ಅಸೂಯೆಯೇ ಇತ್ತು. ಗಂಟೆ ಹನ್ನೆರಡು ದಾಟಿತ್ತು. ನನಗೆ ಆ ಗಾಡಿಯ ಮೇಲೂ ಸಿಟ್ಟು, ಮಾಮನ ಮೇಲೂ ಸಿಟ್ಟು.

ಕಳವಾ ಸೇತುವೆಯ ಹತ್ತಿರ ಹಾಲಿನವರ ತಬೇಲಾದ ಎಮ್ಮೆಗಳು ರಸ್ತೆ ತುಂಬ ನಿಂತಿದ್ದವು. ಪೋಂ ಎಂಬ ಬಾಯಿಮಾತಿಗೆ ಎಮ್ಮೆಗಳು ಬೆಲೆ ಕೊಡುವುದಿಲ್ಲ. ಗಂಟೆ ಹನ್ನೆರಡೂ ಮುಕ್ಕಾಲು. ಮಾಮ ನನ್ನ ಮುಖ ನೋಡಿದರು. ಕಿಸೆಯೊಳಗೆ ಬೆರಳುಗಳು ಒದ್ದಾಡುವುದು ಕಾಣುತ್ತಿತ್ತು. “ಒತ್ತಿ,” ಎಂದೆ. ಒತ್ತಿದರು. ಎಮ್ಮೆಗಳು ದಾರಿ ಬಿಟ್ಟವು, ತಬೇಲಾದ ಭೈಯಾಗಳು ತಾಟು ಹಿಡಿದು ಬಂದರು. ನಾನು ಮಾಮನನ್ನು ಅಲ್ಲೇ ಬಿಟ್ಟು, ಆಫೀಸಿನ ವಿಳಾಸ ಕೂಗಿ ಹೇಳಿ, ಸೇತುವೆ ಹತ್ತಿದೆ.

ಆಫೀಸು ನೌಪಾಡಾದಲ್ಲಿ, ಬಣ್ಣದ ಡಬ್ಬಿಗಳ ಸಗಟು ವ್ಯಾಪಾರದ್ದು. ಒಂದು ಗಂಟೆ ಹತ್ತು ನಿಮಿಷಕ್ಕೆ ಬೆವರು ಸುರಿಸುತ್ತ ಒಳಗೆ ನುಗ್ಗಿದೆ. ಸಾಹೇಬರು ಐವತ್ತರ ಮರಾಠಿ ಗೃಹಸ್ಥರು, ಬೈಯಲಿಲ್ಲ. ಇಂಟರ್‌ವ್ಯೂಗೆ ಕರೆದ ಹನ್ನೆರಡು ಮಂದಿಯಲ್ಲಿ ಬಂದವಳು ನಾನೊಬ್ಬಳೇ ಎಂದು ಬೇಸರದಿಂದ ಹೇಳಿದರು. ನನಗೆ ಒಳಗೊಳಗೇ ಹಬ್ಬ. ಅಷ್ಟರಲ್ಲಿ, ಉಳಿದವರಿಗೆ ಅನ್ಯಾಯ ಆಗಬಾರದು ನೋಡು, ಇನ್ನೊಂದು ದಿನ ಎಲ್ಲರನ್ನೂ ಮತ್ತೆ ಕರೆಸುತ್ತೇವೆ, ಪತ್ರ ಬರುತ್ತದೆ ಎಂದರು. ಹನ್ನೆರಡು ಮಂದಿಯ ನಡುವೆ ನನ್ನ ಟೈಪಿಂಗಿಗೆ ಏನು ಬೆಲೆ ಎಂಬುದು ಹಿಂದಿನ ಎರಡು ಇಂಟರ್‌ವ್ಯೂಗಳಲ್ಲೇ ಗೊತ್ತಾಗಿತ್ತು.

ಕೆಳಗೆ ಬಂದಾಗ ಮಾಮ ಗೇಟಿನ ಹತ್ತಿರ ನಿಂತು ಏದುಸಿರು ಬಿಡುತ್ತಿದ್ದರು. ವಿಷಯ ಹೇಳಿದೆ. ಈ ಸಲ ಅಳು ಬರಲಿಲ್ಲ, ಅಷ್ಟು ಸುಸ್ತು. ಮಾಮ ತಲೆಯೆತ್ತಿ ಆಫೀಸಿನ ಕಿಟಕಿಗಳನ್ನು ನೋಡಿದರು. “ಊಟದ್ ಹೊತ್ತಾಯ್ತ್. ಯಾರೂ ಉಣ್ತಿಲ್ಲೆಂತಕೆ?”

“ಡಬ್ಬಾ ಬಂದಿಲ್ವಂತೆ. ಡಬ್ಬಾವಾಲಾ ಬರುವುದೂ ಗಾಡಿಯಲ್ಲೇ ಅಲ್ವಾ?”

ಮಾಮ ಪಾತ್ರೆಯ ಬಟ್ಟೆ ಸರಿಸಿ ಒಳಗೆ ನೋಡಿ ಮುಚ್ಚಿದರು. ಆಮೇಲೆ ಬಲಗೈಯಿಂದ ಭೋಂಪು ಹಿಡಿದು, ಡೊಂಬಿವಲಿಯಲ್ಲೂ ಎಂದೂ ಒತ್ತಿರದಷ್ಟು ಉದ್ದಕ್ಕೆ, ಮೂರು ಸಲ ಒತ್ತಿದರು.

ಮೊದಲು ಕಿಟಕಿಗಳು ತೆರೆದವು. ಆಮೇಲೆ ಪ್ಯೂನು ಬಂದ, ಗುಮಾಸ್ತರು ಬಂದರು, ಕೊನೆಗೆ ಸಾಹೇಬರೂ ಮೆಟ್ಟಿಲಿಳಿದರು. ಮಾಮ ಎಲ್ಲರಿಗೂ ಪತ್ರಾವಳಿಯಲ್ಲಿ ಬಡಿಸಿದರು. ಸಾಹೇಬರು ನಿಂತಲ್ಲೇ ಎರಡು ಇಡ್ಲಿ ಮುಗಿಸಿ, ಮೂರನೆಯದಕ್ಕೆ ಚಟ್ನಿ ಕೇಳಿದರು. ಚಟ್ನಿಯ ಚಮಚ ಎತ್ತಿದ ಮಾಮ ಅದನ್ನು ಮೇಲೆಯೇ ಹಿಡಿದುಕೊಂಡು, ತಮ್ಮ ಸ್ವಂತ ಹಿಂದಿಯಲ್ಲಿ ಶುರುಮಾಡಿದರು.

“ಸಾಬ್, ಆಜ್ ಆಪ್‌ಕಾ ಡಬ್ಬಾ ಕ್ಯೂಂ ನಹೀಂ ಆಯಾ?”

“ಗಾಡೀ ಬಂದ್ ಹೈ ನಾ, ಅಣ್ಣಾ.”

“ಮೇರಾ ಇಡ್ಲೀ ಆಯಾ ನಾ? ಯೇ ಲಡ್ಕೀ ಭೀ ಆಯಾ. ಔರ್ ಏಕ್ ದಿನ್ ಆಪ್‌ಕಾ ಬಾರಾ ಡಬ್ಬಾ ಆಯೇಗಾ. ಲೇಕಿನ್ ಸಾಬ್, ಭೂಕ್ ತೋ ಆಜ್ ಹೈ ನಾ?”

ನನ್ನ ಇಡ್ಲಿ ಬಂತು, ಈ ಹುಡುಗಿಯೂ ಬಂದಳು; ಇನ್ನೊಂದು ದಿನ ಹನ್ನೆರಡು ಡಬ್ಬ ಬಂದರೂ ಹಸಿವು ಇರುವುದು ಇವತ್ತಲ್ಲವೇ? ಗುಮಾಸ್ತರು ಅಗಿಯುವುದನ್ನು ನಿಲ್ಲಿಸಿದರು. ಸಾಹೇಬರು ಚಮಚ ನೋಡಿದರು, ನನ್ನನ್ನು ನೋಡಿದರು, ಬಾಡಿಗೆ ಸೈಕಲ್ಲನ್ನು ನೋಡಿದರು. “ಡೊಂಬಿವಲಿಯಿಂದ ಇದರ ಮೇಲೆ ಬಂದೆಯಾ?” ಎಂದು ಮರಾಠಿಯಲ್ಲಿ ಕೇಳಿದರು. ಹೌದೆಂದೆ. ಅವರು ಜೋರಾಗಿ ನಕ್ಕಾಗ ಚಮಚ ಕೆಳಗಿಳಿಯಿತು. ಅರ್ಧ ಗಂಟೆಯ ಮೇಲೆ, ನಾನು ಟೈಪಿಂಗ್ ಪರೀಕ್ಷೆ ಕೊಟ್ಟೆ. ಎಂಟು ತಪ್ಪು ಮಾಡಿದೆ. ಸೋಮವಾರದಿಂದ ಬಾ ಎಂದರು.

ಹೊರಗೆ ಬಂದು ಮಾಮನ ಕಾಲಿಗೆ ಬಿದ್ದೆ. ಅವರಿಗೆ ಅದರ ಮೇಲೆ ಗಮನವಿರಲಿಲ್ಲ. “ಕೆರೆ?” ಎಂದರು. ಮೂರು ಗಂಟೆಯಾಗಿತ್ತು. ಈಗ ಹೊರಟರೂ ಐದಕ್ಕೆ ರುಬ್ಬಲು ಮುಟ್ಟುವುದು ಅನುಮಾನ. ಕೆರೆಗೆ ಹೋದರೆ ನಾಳೆ ಇಡ್ಲಿ ಇಲ್ಲ. ಅದು ಅವರಿಗೂ ಗೊತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಬೆಳಿಗ್ಗೆಯೂ ತಪ್ಪಿಸದವರು ಕಳ್ಳತನಕ್ಕೆ ಹೊರಟವರ ಹಾಗೆ ನನ್ನ ಮುಖ ನೋಡುತ್ತಿದ್ದರು. “ಹೋಪ ಮಾಮ,” ಎಂದೆ.

ಕೆರೆ ಅವರ ಮನಸ್ಸಿಗೆ ಹಿಡಿಸಿತು. ದೋಣಿಯದ್ದೇ ಗೋಳು. ಹತ್ತಿ ಕೂತರು, ಎರಡು ಕೈ ಮಡಿಲಲ್ಲಿಟ್ಟರು, ಅಂಬಿಗನಿಗಾಗಿ ಸುತ್ತ ನೋಡಿದರು. ಆಮೇಲೆ ಕಾಲ ಬುಡದಲ್ಲಿ ಏನೋ ತಾಗಿ ಬಗ್ಗಿದರು. ಪೆಡಲು! ಅವರ ಮುಖ ಸಣ್ಣದಾಯಿತು.

“ಇದನ್ನೂ ತುಳಿಕಾ?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ, “ಮಾಮ, ನೀವು ಕಾಲು ಮೇಲೆ ಇಟ್ಕೊಳ್ಳಿ. ನಾನು ತುಳಿಯುತ್ತೇನೆ,” ಎಂದೆ. ಒಬ್ಬಳೇ ತುಳಿದರೆ ಆ ದೋಣಿ ಎಮ್ಮೆಗಿಂತ ಕಡೆ. ತೊಡೆಗಳು ಉರಿಯುತ್ತಿದ್ದವು. ಆದರೂ ಕೆರೆಗೆ ಒಂದು ಪೂರ್ತಿ ಸುತ್ತು ಹಾಕಿದೆ. ಮಾಮ ಚಪ್ಪಲಿ ಬಿಚ್ಚಿ, ಕಾಲು ಮಡಚಿ, ಮದುಮಗನ ಹಾಗೆ ಕೂತರು. ಸ್ವಲ್ಪ ಹೊತ್ತಿಗೆ ಬಲಗೈಯನ್ನು ನೀರಿಗೆ ಇಳಿಬಿಟ್ಟರು. ನೀರು ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ತಳ್ಳಿತು. ಆ ಕೈ ಪೂರ್ತಿ ಬಿಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಸುಖ ಅಂದ್ರೆ ಇದ್ ಕಾಣ್ ಮಗಾ,” ಎಂದರು. ನನಗೆ ಕೆಲಸ ಸಿಕ್ಕ ಸಂತೋಷಕ್ಕಿಂತ ಆ ಮಾತಿನ ಸಂತೋಷ ದೊಡ್ಡದಾಗಿತ್ತು, ಇವತ್ತಿಗೂ ಹಾಗೇ ಅನಿಸುತ್ತದೆ.

ವಾಪಸು ಮುಟ್ಟುವಾಗ ಕತ್ತಲಾಗಿತ್ತು. ಮಾಮ ಐದು ನಿಮಿಷ ಬೆನ್ನು ಚಾಚುತ್ತೇನೆ ಎಂದು ಮಲಗಿದವರು ಎದ್ದದ್ದು ಮಾರನೇ ದಿನ ಬಿಸಿಲು ಬಂದ ಮೇಲೆ. ಆ ಬೆಳಿಗ್ಗೆ ಭೋಂಪು ಇಲ್ಲ. ಬಿಲ್ಡಿಂಗಿಗೆ ಬಿಲ್ಡಿಂಗೇ ನಿದ್ದೆಯಲ್ಲಿ ಬಿದ್ದಿತ್ತು. ಗಾಡಿಗಳು ಸರಿಯಾಗಿ ಓಡುತ್ತಿದ್ದವು, ಹತ್ತುವವರು ಇರಲಿಲ್ಲ. ಅಪ್ಪ ಒಂದೇ ಕೆನ್ನೆ ಕ್ಷೌರ ಮಾಡಿಕೊಂಡು ಸ್ಟೇಷನ್ನಿಗೆ ಓಡಿದ. ಅದರ ಮಾರನೇ ದಿನ ಮಾಮ ಬಾಗಿಲು ಬಾಗಿಲಿಗೂ ಕ್ಷಮೆ ಕೇಳುತ್ತ, “ನಮ್ ಹೆಣ್ಣಿಗೆ ಕೆಲ್ಸ ಸಿಕ್ತ್” ಎಂದು ಕನ್ನಡ ಬಾರದವರಿಗೂ ಕನ್ನಡದಲ್ಲೇ ಸಾರಿದರು. ಅಪ್ಪ ಹೂಕುಂಡದ ಫೋಟೋವನ್ನು ಟಪಾಲಿನಲ್ಲಿ ಹಿಂದಕ್ಕೆ ಕಳಿಸಿದ.

ಆರು ವರ್ಷ ನಾನು ಆ ಭೋಂಪಿಗೆ ಎದ್ದು ಠಾಣೆಗೆ ಹೋದೆ. ಒಂದು ಬೆಳಿಗ್ಗೆ ಅದು ಮತ್ತೆ ಕೂಗಲಿಲ್ಲ. “ಯಾರನ್ನೋ ಇಂಟರ್‌ವ್ಯೂಗೆ ಕರ್ಕಂಡ್ ಹೋಯಿರ್ಕ್,” ಎಂದು ಅಮ್ಮ ನಕ್ಕಳು. ನಾನೂ ನಗುತ್ತಲೇ ಖೋಲಿಯ ಬಾಗಿಲು ತಳ್ಳಿದೆ. ಈ ಸಲ ಹಿಟ್ಟು ರುಬ್ಬಿ ಆಗಿತ್ತು. ಉಬ್ಬಿ ಪಾತ್ರೆಯ ಅಂಚು ದಾಟಿ ನೆಲಕ್ಕೆ ಇಳಿದಿತ್ತು. ಮಾಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆಯಲ್ಲೇ ಹೋಗಿದ್ದರು.

ಊರಿನಿಂದ ಮಾಮನ ಅಣ್ಣನ ಮಗ ಬಂದು ಮಾಡುವುದನ್ನೆಲ್ಲ ಮಾಡಿದ. ನಮ್ಮ ಬಿಲ್ಡಿಂಗಿನವರಿಗೆ ಸುದ್ದಿ ಗೊತ್ತಿತ್ತು. ಉಳಿದ ಬೀದಿಗಳ ಗಿರಾಕಿಗಳಿಗೆ ಯಾರು ಹೇಳುವುದು? ಅವರ ಹೆಸರು ನಮಗೆ ಗೊತ್ತಿಲ್ಲ, ಮಾಮನ ಹೆಸರು ಅವರಿಗೆ ಗೊತ್ತಿಲ್ಲ. ಮರುದಿನ ಆರೂವರೆಗೆ ನಾನು ಮಾಮನ ಸೈಕಲ್ ಹೊರಗೆ ತೆಗೆದೆ. ಕ್ಯಾರಿಯರು ಖಾಲಿ ಇತ್ತು. ಮೊದಲ ಬಿಲ್ಡಿಂಗಿನ ಎದುರು ನಿಂತು ಭೋಂಪು ಒತ್ತಿದೆ.

ಬಾಗಿಲುಗಳು ತೆರೆದವು. ಎಲ್ಲರೂ ಪಾತ್ರೆ ಹಿಡಿದೇ ಬಂದರು. ಒತ್ತಿದ ಮೇಲೆ ನಿಲ್ಲದೆ ಹೋಗುವಂತಿಲ್ಲ. ನಿಂತೆ. ಒಬ್ಬೊಬ್ಬರಿಗೂ ಹೇಳಿದೆ. ಹಸಿರು ಬಾಗಿಲಿನವರು ಚಟ್ನಿಯ ಬೇರೆ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ನಾಲ್ಕು ಇಡ್ಲಿಯ ಸೊಸೆ ಅತ್ತೆಯ ಎದುರೇ ಅತ್ತಳು. ಹೀಗೆ ಎರಡು ಗಂಟೆ, ಮಾಮನ ರೌಂಡು ಪೂರ್ತಿ, ಒಂದು ಬೀದಿಯನ್ನೂ ಬಿಡದೆ ತುಳಿದೆ.

ಕೊನೆಯ ಬಿಲ್ಡಿಂಗು ಮುಗಿಸಿ ಹ್ಯಾಂಡಲು ಬಿಟ್ಟಾಗ ಬಲಗೈ ನೋಡಿಕೊಂಡೆ. ಅಂಗೈ ನಡುವೆ ರಬ್ಬರಿನ ಕಪ್ಪು ಹತ್ತಿತ್ತು. ಬೆರಳುಗಳನ್ನು ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು.